ಸೈನ್ಯಕ್ಕೆ ಹೊರಟ ಮಗ ಮತ್ತು ಮನೆಯವರ ಹೊಣೆ



ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಮಕ್ಕಳ ವಿದ್ಯಾಭ್ಯಾಸ, ಕನ್ಯಾ-ವರಗಳ ವಿಚಾರ, ಹಿರಿಯರ ಆರೋಗ್ಯ ಇವುಗಳಿಗೆ ಸಂಬಂಧಿಸಿದವು. ಕಳೆದ ತಿಂಗಳು ಬಂದ ಒಂದು ಪತ್ರ ಇವೆಲ್ಲಕ್ಕಿಂತ ಭಿನ್ನವಾಗಿತ್ತು. ಅದನ್ನು ಬರೆದವರು ಒಣಬೇಸಾಯದ ಮನೆತನದ ಒಬ್ಬ ತಾಯಿ. ಅವರ ಹತ್ತೊಂಬತ್ತು ವರ್ಷದ ಮಗ ಪಿ.ಯು.ಸಿ. ಮುಗಿಸಿ ಸೈನ್ಯಕ್ಕೆ ಸೇರಬೇಕೆಂದು ಪಣ ತೊಟ್ಟಿದ್ದಾನೆ. ಹಿಂದಿನ ಬಾರಿ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಭರ್ತಿಯ ಮೈದಾನದಲ್ಲಿ ಓಟದ ಸಮಯ ಮುಗಿದು, ಅಡ್ಡಲಾಗಿ ಹಿಡಿದ ಹಗ್ಗದ ಈಚೆಗೇ ಉಳಿದುಬಿಟ್ಟ. ಹತ್ತು ಮಾರು ದೂರವಷ್ಟೇ ಉಳಿದಿತ್ತಂತೆ. ಈಗ ಮುಂದಿನ ಭರ್ತಿಗಾಗಿ ಹೊತ್ತು ಮೂಡುವ ಮುನ್ನ ಒಮ್ಮೆ, ಹೊತ್ತು ಮುಳುಗಿದ ಮೇಲೆ ಒಮ್ಮೆ ಡಾಂಬರು ರಸ್ತೆಯಲ್ಲಿ ಓಡುತ್ತಿದ್ದಾನೆ. ಕಾಲು ನೋಯುತ್ತದೆಂದು ಗುಳಿಗೆ ನುಂಗಿ ಓಡುತ್ತಾನೆ. ಗೆಳೆಯರ ಮಾತು ಕೇಳಿ ಪೇಟೆಯಿಂದ ಯಾವುದೋ ಶಕ್ತಿಯ ಪುಡಿಯನ್ನು ತಂದಿಟ್ಟುಕೊಂಡಿದ್ದಾನೆ. ಮಾಂಸ ತಿನ್ನದವರು ಸಿಪಾಯಿಯಾಗುವುದುಂಟೆ ಎಂದು ನೆಂಟರು ನಗುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, “ಈ ಸಲ ಆಗಲಿಲ್ಲಂದ್ರ ಮನಿಗೆ ಬರಬ್ಯಾಡ” ಎಂದು ತಂದೆ ಹೇಳಿಬಿಟ್ಟಿದ್ದಾರೆ. “ನಾನು ಏನು ಮಾಡಲಿ?” ಎಂಬ ಪ್ರಶ್ನೆಯೊಂದಿಗೆ ಪತ್ರ ಮುಗಿಯುತ್ತದೆ.

ಈ ಪತ್ರವನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಅದಕ್ಕೆ ಕಾರಣವಾದ ಪ್ರಸಂಗವನ್ನು ಮುಚ್ಚಿಡದೆ ಹೇಳುತ್ತೇನೆ.

ನಾನು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿ ದುಡಿದವನು. ಮೂವತ್ತು ವರ್ಷಗಳಿಗೂ ಹಿಂದಿನ ಮಾತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಭರ್ತಿಗೆ ಸಿದ್ಧನಾಗುತ್ತಿದ್ದ. ಕಟ್ಟುಮಸ್ತಾದ ಮೈ, ತಾಲೀಮಿನಲ್ಲಿ ಪಳಗಿದವನು, ಸಂಗ್ರಾಣಿ ಕಲ್ಲನ್ನು ಹೂವಿನಂತೆ ಎತ್ತುತ್ತಿದ್ದ. ಭರ್ತಿಗೆ ಎಂಟು ದಿನ ಇರುವಾಗ ಬಂದು, “ಮಾಸ್ತರ, ಮುಂಗಾಲ ಎಲುಬು ಭಾಳ ನೋಯಾಕತ್ತೈತ್ರಿ, ರಾತ್ರಿ ನಿದ್ದಿ ಬರೂದಿಲ್ಲ” ಎಂದ. ನಾನು ಅವನ ಕಾಲನ್ನು ಮುಟ್ಟಿಯೂ ನೋಡಲಿಲ್ಲ. “ನೋವಿಗೆ ಅಂಜಿದಾಂವ ಸಿಪಾಯಿ ಆಗತಾನೇನೋ? ಓಡು, ತಾನಽ ಹೋಗತೈತಿ” ಎಂದು ಗದರಿಸಿ ಕಳುಹಿಸಿದೆ. ಅವನು ಓಡಿದ. ಭರ್ತಿಯ ದಿನ ಮೂರನೆಯ ಸುತ್ತಿನಲ್ಲಿ ಕುಸಿದು ಬಿದ್ದ. ಎಲುಬಿನಲ್ಲಿ ಆಗಲೇ ಬಿರುಕು ಬಿಟ್ಟಿತ್ತು. ಅದು ಕೂಡಿ, ಕಾಲು ಮೊದಲಿನಂತಾಗಿ, ಮತ್ತೆ ಭರ್ತಿ ಬರುವಷ್ಟರಲ್ಲಿ ವಯೋಮಿತಿ ಮೀರಿಹೋಗಿತ್ತು. ಈಗ ಅವನು ತನ್ನ ಹೊಲವನ್ನು ತಾನೇ ಮಾಡಿಕೊಂಡು ಸಂಸಾರವಂದಿಗನಾಗಿ ಚೆನ್ನಾಗಿದ್ದಾನೆ. ಎದುರಿಗೆ ಬಂದಾಗಲೆಲ್ಲ ಕೈಮುಗಿಯುತ್ತಾನೆ. ಒಮ್ಮೆಯೂ ನನ್ನನ್ನು ದೂರಿಲ್ಲ. ಆ ಕೈಮುಗಿತವೇ ನನ್ನನ್ನು ಇಂದಿಗೂ ಚುಚ್ಚುತ್ತದೆ.

ಪತ್ರ ಬಂದ ಮೇಲೆ ಅವನ ಹೊಲಕ್ಕೆ ಹೋಗಿ ಅದನ್ನು ಓದಿ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಉಳಿದದ್ದೆಲ್ಲ ಆಮ್ಯಾಲ ಬರೀರಿ ಮಾಸ್ತರ. ಮೊದಲ ಆ ಹುಡುಗನ ಕಾಲು ಡಾಕ್ಟರಿಗೆ ತೋರಸ್ರೀ ಅಂತ ಬರೀರಿ” ಎಂದ.

ಆದ್ದರಿಂದ ತಾಯಿ, ಮೊದಲು ಅದನ್ನೇ ಬರೆಯುತ್ತಿದ್ದೇನೆ. ನಿಮ್ಮ ಮಗನ ಮುಂಗಾಲಿನ ಎಲುಬಿನ ಉದ್ದಕ್ಕೂ ಸಾಧಾರಣ ನೋವಿದ್ದು, ವಿಶ್ರಾಂತಿಯಿಂದ ಇಳಿಯುವುದಾದರೆ ಅದು ಸ್ನಾಯುಗಳ ದಣಿವಿರಬಹುದು. ಆದರೆ ಒಂದೇ ಜಾಗದಲ್ಲಿ ಬೆರಳಿಟ್ಟು ಒತ್ತಿದಾಗ ಜೀವ ಹೋದಂತಾಗುವುದು, ನಡೆಯುವಾಗಲೂ ನೋಯುವುದು, ರಾತ್ರಿ ಮಲಗಿದಾಗಲೂ ಬಿಡದಿರುವುದು – ಇವು ಎಲುಬು ಬಿರುಕು ಬಿಡುತ್ತಿರುವುದರ ಸೂಚನೆಗಳಾಗಿರಬಹುದು. ಆರಂಭದಲ್ಲಿ ಎಕ್ಸ್-ರೇಯಲ್ಲಿಯೂ ಇದು ಕಾಣದೆ ಹೋಗುವುದುಂಟು. ಆಗ ಎಲುಬಿನ ವೈದ್ಯರ ಸಲಹೆಯಂತೆ ಆರೆಂಟು ವಾರ ಓಟವನ್ನು ಸಂಪೂರ್ಣವಾಗಿ ನಿಲ್ಲಿಸುವುದೇ ಮದ್ದು. ನೋವಿನ ಗುಳಿಗೆ ನೋವನ್ನು ಮರೆಸುತ್ತದೆಯೇ ಹೊರತು ಬಿರುಕನ್ನು ಕೂಡಿಸುವುದಿಲ್ಲ. ನೋವು ದೇಹವು ನಮಗೆ ಬರೆಯುವ ಪತ್ರ. ಅದನ್ನು ಓದದೆ ಹರಿದು ಹಾಕುವುದು ಶೌರ್ಯವಲ್ಲ.

ಇನ್ನು ಪರೀಕ್ಷೆಯ ಸ್ವರೂಪವನ್ನು ಮನೆಯವರೂ ತಿಳಿದಿರುವುದು ಒಳ್ಳೆಯದು. ಹಿಂದೆ ಮೊದಲು ಮೈದಾನ, ಅನಂತರ ಲಿಖಿತ ಪರೀಕ್ಷೆ ಎಂಬ ಕ್ರಮವಿತ್ತು. 2023ರಿಂದ ಭೂಸೇನೆಯು ಈ ಕ್ರಮವನ್ನು ತಿರುಗಿಸಿದೆ. ಈಗ ಮೊದಲು ಗಣಕಯಂತ್ರದ ಮುಂದೆ ಕುಳಿತು ಸಾಮಾನ್ಯ ಪ್ರವೇಶ ಪರೀಕ್ಷೆಯನ್ನು ಬರೆಯಬೇಕು. ಅದರಲ್ಲಿ ಆಯ್ಕೆಯಾದವರಿಗೆ ಮಾತ್ರ ಮೈದಾನದ ಕರೆ ಬರುತ್ತದೆ. ಆದಕಾರಣ ಓಟದ ಹುಚ್ಚಿನಲ್ಲಿ ಪುಸ್ತಕವನ್ನು ಮೂಲೆಗಿಟ್ಟವನು ಮೈದಾನವನ್ನೇ ಕಾಣಲಾರ. ಮೈದಾನದಲ್ಲಿ 1.6 ಕಿಲೋಮೀಟರ್ ಓಟಕ್ಕೆ 60 ಅಂಕ, ಬೀಮ್ ಎಂದು ಹುಡುಗರು ಕರೆಯುವ ಅಡ್ಡ ಸರಳಿಗೆ ಜೋತು ಗದ್ದವನ್ನು ಮೇಲಕ್ಕೆ ಒಯ್ಯುವುದಕ್ಕೆ 40 ಅಂಕ, ಒಟ್ಟು 100. ಓಟವನ್ನು 5 ನಿಮಿಷ 30 ಸೆಕೆಂಡುಗಳೊಳಗೆ ಮುಗಿಸಿದವನಿಗೆ ಪೂರ್ಣ 60 ಅಂಕ. ತಡವಾದಂತೆ ಅಂಕ ಇಳಿದು, ಕೊನೆಯ ಗಡಿ ಮೀರಿದವನು ಹೊರಗುಳಿಯುತ್ತಾನೆ. ಬೀಮಿನಲ್ಲಿ ಹತ್ತು ಬಾರಿ ಮೇಲೇರಿದರೆ ಪೂರ್ಣ 40. ಆರು ಬಾರಿಗೆ ಕೇವಲ 16. ಇವಲ್ಲದೆ ಒಂಬತ್ತು ಅಡಿ ಅಗಲದ ಕಂದಕವನ್ನು ಹಾರುವುದು, ಅಂಕುಡೊಂಕಾದ ತೊಲೆಯ ಮೇಲೆ ಬೀಳದೆ ನಡೆಯುವುದು ಎಂಬ ಎರಡು ಪರೀಕ್ಷೆಗಳುಂಟು. ಇವುಗಳಿಗೆ ಅಂಕವಿಲ್ಲ, ತೇರ್ಗಡೆಯಾಗಬೇಕು, ಅಷ್ಟೆ. ಗಡಿ ಮತ್ತು ವಯೋಮಿತಿಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದುಂಟಾದ್ದರಿಂದ ಆಯಾ ವರ್ಷದ ಅಧಿಸೂಚನೆಯನ್ನು ಮಗನಿಂದ ಓದಿಸಿ ಕೇಳಿರಿ.

ಇಷ್ಟು ಕಠಿಣವಾದ ಪರೀಕ್ಷೆ ಏಕೆಂದು ಕೆಲವರು ಕೇಳುತ್ತಾರೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮಪಾತದಲ್ಲಿ ಹತ್ತು ಮಂದಿ ಸೈನಿಕರು ಹೂತುಹೋದಾಗ, ಆರು ದಿನಗಳ ನಂತರ ಹಿಮದಡಿಯಿಂದ ಜೀವಂತವಾಗಿ ಹೊರಬಂದವರು ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು. ಫೆಬ್ರವರಿ 11ರಂದು ಅವರು ದೆಹಲಿಯಲ್ಲಿ ಕೊನೆಯುಸಿರೆಳೆದಾಗ ಇಡೀ ನಾಡು ಕಂಬನಿ ಮಿಡಿಯಿತು. ಅಂಥ ಎತ್ತರದಲ್ಲಿ ನಾಲ್ಕು ಹೆಜ್ಜೆ ಇಡುವುದೂ ದುಸ್ತರ. ಅಲ್ಲಿಗೆ ಕಳುಹಿಸಬೇಕಾದವನ ಉಸಿರನ್ನು ಇಲ್ಲಿಯೇ ಅಳೆದು ನೋಡುವುದು ನ್ಯಾಯವೇ ಆಗಿದೆ.

ಈಗ ಓಟದ ವಿಚಾರ. 1.6 ಕಿಲೋಮೀಟರ್ ಎಂದರೆ 400 ಮೀಟರಿನ ನಾಲ್ಕು ಸುತ್ತು. 5 ನಿಮಿಷ 30 ಸೆಕೆಂಡು ಎಂದರೆ 330 ಸೆಕೆಂಡು. ಸುತ್ತಿಗೆ 82 ಸೆಕೆಂಡಿನಂತೆ ಓಡಿದವನು 328 ಸೆಕೆಂಡಿಗೆ ಗುರಿ ಮುಟ್ಟುತ್ತಾನೆ. ಲೆಕ್ಕ ಇಷ್ಟು ಸರಳ. ಆದರೆ ನೂರಾರು ಹುಡುಗರು ಒಟ್ಟಿಗೆ ಹೊರಟಾಗ ಮುಂದಿನವನ ಬೆನ್ನು ಕಂಡು ಎಲ್ಲರೂ ಬೆದರಿದ ಹೋರಿಗಳಂತೆ ನುಗ್ಗುತ್ತಾರೆ. ಮೊದಲ ಸುತ್ತನ್ನು 70 ಸೆಕೆಂಡಿಗೆ ಮುಗಿಸಿದವನ ಕಾಲುಗಳು ಮೂರನೆಯ ಸುತ್ತಿನಲ್ಲಿ ಸೀಸದಂತೆ ಭಾರವಾಗುತ್ತವೆ. ಹಗ್ಗದ ಈಚೆಗೆ ಉಳಿಯುವವರಲ್ಲಿ ಅನೇಕರು ನಿಧಾನವಾಗಿ ಓಡಿದವರಲ್ಲ. ಮೊದಲು ಅತಿ ವೇಗವಾಗಿ ಓಡಿದವರು. ನಾಲ್ಕು ಸುತ್ತುಗಳಲ್ಲಿ ತನ್ನ ಶಕ್ತಿಯನ್ನು ಸಮನಾಗಿ ಹಂಚಿಕೊಳ್ಳುವ ಸಂಯಮವನ್ನು ಹುಡುಗ ಕಲಿಯಬೇಕು. ಗುಂಪಿನಲ್ಲಿ ತಳ್ಳಿಸಿಕೊಂಡು ಬೀಳದಂತೆ ಆರಂಭದಲ್ಲಿ ಸ್ವಲ್ಪ ಹೊರಮಗ್ಗುಲಿಗೆ ಇರುವುದು ಕ್ಷೇಮ.

ಊರಿನಲ್ಲಿ ಅಳತೆಯ ಮೈದಾನವಿಲ್ಲದಿದ್ದರೆ ಚಿಂತೆಯಿಲ್ಲ. ಕೆರೆಯ ಏರಿಯ ಮೇಲೋ ಮಣ್ಣಿನ ಬಂಡಿದಾರಿಯಲ್ಲೋ ಟೇಪು ಹಿಡಿದು 400 ಮೀಟರ್ ಅಳೆದು ಎರಡೂ ಕಡೆ ಕಲ್ಲು ನೆಡಿಸಿರಿ. ಡಾಂಬರು ರಸ್ತೆಗಿಂತ ಮಣ್ಣಿನ ನೆಲ ಎಲುಬಿಗೆ ಹಿತ. ಕಾಲು ಪೂರ್ತಿ ಗುಣವಾದ ಮೇಲೆ, ವಾರದಲ್ಲಿ ಎರಡು ದಿನ ಈ 400 ಮೀಟರನ್ನು 82 ಸೆಕೆಂಡಿಗೆ ಓಡಿ, ಎರಡು ನಿಮಿಷ ನಡೆದು, ಮತ್ತೆ ಓಡುವ ಅಭ್ಯಾಸ ಮಾಡಲಿ. ನಾಲ್ಕು ಬಾರಿಯಿಂದ ಆರಂಭಿಸಿ ತಿಂಗಳುಗಳಲ್ಲಿ ಎಂಟಕ್ಕೆ ಏರಲಿ. ಒಂದು ದಿನ ಪಕ್ಕದವನೊಡನೆ ಮಾತನಾಡುತ್ತ ಓಡುವಷ್ಟು ನಿಧಾನವಾಗಿ ಆರೇಳು ಕಿಲೋಮೀಟರ್ ಓಡಲಿ. ಎರಡು ದಿನ ಹಗುರವಾದ ಓಟ. ಒಂದು ದಿನ ಪೂರ್ಣ ವಿಶ್ರಾಂತಿ. ಉಳಿದ ಒಂದು ದಿನ ನಡಿಗೆ ಸಾಕು. ಹದಿನೈದು ದಿನಕ್ಕೊಮ್ಮೆ ಮಾತ್ರ ಗಡಿಯಾರ ಹಿಡಿದು ಪೂರ್ತಿ ಓಟದ ಪರೀಕ್ಷೆಯಾಗಲಿ. ವಾರದ ಒಟ್ಟು ದೂರವನ್ನು ಒಮ್ಮೆಲೆ ಏರಿಸದೆ, ಹಿಂದಿನ ವಾರಕ್ಕಿಂತ ಹತ್ತನೆಯ ಒಂದು ಪಾಲು ಮಾತ್ರ ಹೆಚ್ಚಿಸುವುದು ಲೇಸು. ದಿನಕ್ಕೆರಡು ಬಾರಿ ಓಡುವವನಿಗೆ ಈ ಕ್ರಮ ಸೋಮಾರಿತನವೆಂದು ತೋರಬಹುದು. ಆದರೆ ದೇಹ ಬಲಗೊಳ್ಳುವುದು ಓಡುವಾಗಲ್ಲ, ಓಡಿ ದಣಿದ ಮೇಲೆ ಮಲಗಿ ನಿದ್ರಿಸುವಾಗ. ಬಿತ್ತಿದ ಬೀಜವನ್ನು ದಿನವೂ ಕೆದಕಿ ನೋಡುವ ಒಕ್ಕಲಿಗನಿಗೆ ಬೆಳೆ ಬರುವುದೆ?

ಬೀಮಿನ ಅಭ್ಯಾಸಕ್ಕೆ ಬೇವಿನ ಮರದ ಗಟ್ಟಿ ಟೊಂಗೆ ಸಾಕು. ಒಂದೂ ಮೇಲೇರಲಾಗದವನು ಕಲ್ಲಿನ ಮೇಲೆ ನಿಂತು ಗದ್ದವನ್ನು ಟೊಂಗೆಯ ಮೇಲಿಟ್ಟು, ಅಲ್ಲಿಂದ ಮೆಲ್ಲಮೆಲ್ಲನೆ ಐದೆಣಿಕೆಯಲ್ಲಿ ಕೆಳಗಿಳಿಯುವುದನ್ನು ಅಭ್ಯಾಸ ಮಾಡಲಿ. ಇಳಿಯಲು ಕಲಿತ ತೋಳು ಕೆಲವು ವಾರಗಳಲ್ಲಿ ಏರಲು ಕಲಿಯುತ್ತದೆ. ಕಾಲು ಜಾಡಿಸದೆ, ಪ್ರತಿ ಬಾರಿ ತೋಳನ್ನು ಪೂರ್ತಿ ನೀಡಿ ಏರುವುದೇ ಕ್ರಮ. ತಾಲೀಮಿನ ದಂಡ-ಬೈಠಕ್ಕುಗಳು ಒಳ್ಳೆಯವೇ, ಆದರೆ ಅವು ಓಟದ ದಮ್ಮನ್ನು ಕೊಡಲಾರವು ಎಂಬುದಕ್ಕೆ ನನ್ನ ಆ ವಿದ್ಯಾರ್ಥಿಯೇ ಸಾಕ್ಷಿ. ದಮ್ಮಿನ ಕೊರತೆಯನ್ನು ಕೊನೆಯ ಒಂದೇ ತಿಂಗಳಲ್ಲಿ ತುಂಬಿಕೊಳ್ಳಲು ಹೋಗಿಯೇ ಅವನು ಕಾಲನ್ನು ಮುರಿದುಕೊಂಡದ್ದು.

ಇನ್ನು ನೆಂಟರ ನಗೆಗೆ ಉತ್ತರ. ಮಾಂಸವಿಲ್ಲದೆ ಬಲವಿಲ್ಲವೆಂಬುದು ತಿಳಿಯದವರ ಮಾತು. ಭಾರತೀಯ ಸೈನ್ಯದಲ್ಲಿಯೇ ಸಸ್ಯಾಹಾರಿ ಸೈನಿಕರಿಗೆ ಬೇರೆಯ ಪಡಿತರವಿದ್ದು, ಮಾಂಸಕ್ಕೆ ಬದಲಾಗಿ ಹೆಚ್ಚಿನ ಹಾಲು ಮೊದಲಾದವನ್ನು ಕೊಡುವ ಪದ್ಧತಿಯಿದೆ. 60 ಕಿಲೋ ತೂಕದ, ಕಠಿಣ ವ್ಯಾಯಾಮ ಮಾಡುವ ಯುವಕನಿಗೆ ದಿನಕ್ಕೆ ಸುಮಾರು 75ರಿಂದ 90 ಗ್ರಾಂ ಪ್ರೋಟೀನು ಬೇಕು. ನಮ್ಮ ಅಡುಗೆಮನೆಯಲ್ಲಿಯೇ ಲೆಕ್ಕ ಹಾಕೋಣ. 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಿಂದ ಸುಮಾರು 30 ಗ್ರಾಂ. 100 ಗ್ರಾಂ ಹೆಸರುಕಾಳನ್ನು ನೆನೆಸಿ ಮೊಳಕೆ ಬರಿಸಿ ಪಲ್ಯ ಮಾಡಿದರೆ 24 ಗ್ರಾಂ. ಹಿಡಿ ತುಂಬ ಶೇಂಗಾ, ಅಂದರೆ 50 ಗ್ರಾಂ, ಅದರಿಂದ 12 ಗ್ರಾಂ. ಅರ್ಧ ಲೀಟರು ಹಾಲಿನಿಂದ 16 ಗ್ರಾಂ. ಒಟ್ಟು 82 ಗ್ರಾಂ ಆಯಿತು. ಶೇಂಗಾ ಹಿಂಡಿ, ಮೊಸರು, ಪುಠಾಣಿ ಇವು ಅದಕ್ಕೂ ಮೇಲೆ. ರೊಟ್ಟಿಯೊಡನೆ ಮೆಂತ್ಯ, ರಾಜಗಿರಿ ಮೊದಲಾದ ಸೊಪ್ಪು ಇರಲಿ, ಅದರ ಮೇಲೆ ನಿಂಬೆಹುಳಿ ಹಿಂಡಿರಿ. ಸೊಪ್ಪಿನಲ್ಲಿರುವ ಕಬ್ಬಿಣಾಂಶ ರಕ್ತಕ್ಕೆ ಸೇರಲು ಹುಳಿ ಸಹಾಯಕ. ಊಟವಾದ ಕೂಡಲೆ ಚಹಾ ಕುಡಿಯುವ ರೂಢಿಯಿದ್ದರೆ ಬಿಡಿಸಿರಿ. ಅದು ಕಬ್ಬಿಣಾಂಶವನ್ನು ತಡೆಯುತ್ತದೆ. ರಕ್ತಹೀನತೆಯಿದ್ದವನು ಎಷ್ಟು ಅಭ್ಯಾಸ ಮಾಡಿದರೂ ಬೇಗ ಏದುಸಿರು ಬಿಡುತ್ತಾನೆ. ಆದ್ದರಿಂದ ಒಮ್ಮೆ ರಕ್ತಪರೀಕ್ಷೆ ಮಾಡಿಸಿರಿ.

ಪೇಟೆಯ ಪುಡಿಯ ಡಬ್ಬಿಯನ್ನು ವೈದ್ಯರಿಗೆ ತೋರಿಸದೆ ಬಳಸಬೇಡಿರಿ. ಅದಕ್ಕಿಂತ ಭಯಂಕರವಾದುದು ಭರ್ತಿಯ ಹಿಂದಿನ ದಿನ ಹುಡುಗರ ಕೈಗೆ ಬರುವ ಗುಟ್ಟಿನ ಗುಳಿಗೆ ಮತ್ತು ಚುಚ್ಚುಮದ್ದು. ಇಂಥ ಔಷಧಿಗಳ ಸೇವನೆ ಪತ್ತೆಯಾದರೆ ಅಭ್ಯರ್ಥಿಯನ್ನು ತಿರಸ್ಕರಿಸಲಾಗುವುದೆಂದು ಸೈನ್ಯದ ಅಧಿಸೂಚನೆಗಳಲ್ಲಿಯೇ ಹೇಳಿರುತ್ತದೆ. ತಿರಸ್ಕಾರವಿರಲಿ, ಓಟದ ನಡುವೆ ಎದೆ ನಿಂತುಹೋದರೆ ಯಾವ ನೌಕರಿ ಯಾರಿಗೆ?

ಓಟದಲ್ಲಿ ಗೆದ್ದವರೂ ವೈದ್ಯಕೀಯ ತಪಾಸಣೆಯಲ್ಲಿ ಸೋತು ಬರುವುದು ಬಹು ದುಃಖದ ಸಂಗತಿ. ಮಂಡಿಗಳು ಒಂದಕ್ಕೊಂದು ತಾಗುವುದು, ಚಪ್ಪಟೆ ಪಾದ, ಬಣ್ಣಗುರುಡು, ದೃಷ್ಟಿದೋಷ, ಕಾಲಿನ ಉಬ್ಬಿದ ರಕ್ತನಾಳ, ಅಂಡವಾಯು, ಕಿವಿಯ ತೊಂದರೆ – ಇವನ್ನೆಲ್ಲ ಅಲ್ಲಿ ನೋಡುತ್ತಾರೆ. ಉಸಿರೆಳೆದಾಗ ಎದೆ ಕನಿಷ್ಠ 5 ಸೆಂಟಿಮೀಟರ್ ಹಿಗ್ಗಬೇಕು. ಕಿವಿಯ ಗುಗ್ಗೆಯನ್ನು ವೈದ್ಯರಿಂದ ತೆಗೆಸಬಹುದು, ಹಲ್ಲನ್ನು ಸರಿಪಡಿಸಬಹುದು. ಬಣ್ಣಗುರುಡನ್ನು ಯಾವ ಅಭ್ಯಾಸವೂ ನೀಗಿಸಲಾರದು. ಆದ್ದರಿಂದ ಎರಡು ವರ್ಷ ಓಡಿ ಕೊನೆಗೆ ತಿಳಿಯುವ ಬದಲು, ಮೊದಲ ತಿಂಗಳಲ್ಲಿಯೇ ಹತ್ತಿರದ ಆಸ್ಪತ್ರೆಯಲ್ಲಿ ಇವನ್ನೆಲ್ಲ ತೋರಿಸಿಬಿಡಿರಿ. ಇದೊಂದು ದಿನದ ಕೆಲಸ. ಎಷ್ಟೋ ಮನೆಗಳ ವರ್ಷಗಳ ನಿರಾಸೆಯನ್ನು ತಪ್ಪಿಸುತ್ತದೆ. ಸೈನ್ಯದ ವೈದ್ಯರು ಅನರ್ಹನೆಂದರೂ, ಸೈನಿಕ ಆಸ್ಪತ್ರೆಯ ತಜ್ಞರ ಮುಂದೆ ಮರುಪರೀಕ್ಷೆಗೆ ಅವಕಾಶವಿರುತ್ತದೆ ಎಂಬುದೂ ತಿಳಿದಿರಲಿ.

ಮತ್ತೊಂದು ಎಚ್ಚರಿಕೆಯ ಮಾತು. ಸೈನ್ಯದ ಭರ್ತಿಗೆ ಲಂಚ ಬೇಕಿಲ್ಲ. “ಒಳಗ ನಮ್ಮವರದಾರ, ಇಷ್ಟು ಕೊಡ್ರಿ” ಎಂದು ಬರುವವನು ಮೋಸಗಾರ. ಅವನ ಮಾತಿಗಾಗಿ ಎತ್ತು ಮಾರಿದ, ಹೊಲ ಒತ್ತೆಯಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಗಡಿಯಾರಕ್ಕೂ ಬೀಮಿಗೂ ವಶೀಲಿ ತಿಳಿಯದು.

ಹೆಣ್ಣುಮಕ್ಕಳ ತಾಯಂದಿರೂ ಇದನ್ನು ಓದುತ್ತಿರಬಹುದು. ಸೇನಾ ಪೊಲೀಸ್ ದಳಕ್ಕೆ ಸಿಪಾಯಿಗಳಾಗಿ ಸೇರಿದ ಮೊದಲ ತಂಡದ 83 ಮಹಿಳೆಯರು 2021ರ ಮೇ 8ರಂದು ನಮ್ಮ ಬೆಂಗಳೂರಿನ ತರಬೇತಿ ಕೇಂದ್ರದಿಂದಲೇ ಹೊರಬಂದರು. ಅವರಿಗೆ ಅದೇ 1.6 ಕಿಲೋಮೀಟರ್ ಓಟ, ಹತ್ತು ಅಡಿ ಉದ್ದಜಿಗಿತ, ಮೂರು ಅಡಿ ಎತ್ತರಜಿಗಿತ. ಮನೆಯ ಮಗಳು ಬೆಳಗ್ಗೆ ಓಡಲು ಹೊರಟರೆ ಓಣಿಯವರ ಮಾತಿಗೆ ಹೆದರಿ ತಡೆಯಬೇಡಿರಿ. ಅವಳ ಜೊತೆಗೆ ಅಣ್ಣನೋ ತಂದೆಯೋ ಸೈಕಲ್ಲು ತುಳಿಯಲಿ.

ಕೊನೆಯದಾಗಿ, ಪತ್ರ ಬರೆದ ತಾಯಿಯವರ ಯಜಮಾನರಿಗೆ ನಾಲ್ಕು ಮಾತು. ಅಣ್ಣಾ, ನಿಮ್ಮ ಸಿಟ್ಟಿನ ಹಿಂದಿರುವ ಕಷ್ಟ ನನಗೆ ಅರ್ಥವಾಗುತ್ತದೆ. ಮಳೆ ಕೈಕೊಟ್ಟ ಹೊಲ, ತೀರದ ಸಾಲ, ಮಗನಿಗೊಂದು ಸಂಬಳವಾದರೆ ಸಾಕೆಂಬ ಆಸೆ. ಆದರೆ “ಮನೆಗೆ ಬರಬೇಡ” ಎಂಬ ಮಾತನ್ನು ಹೊತ್ತುಕೊಂಡು ಓಡುವವನು ಸಂಗ್ರಾಣಿ ಕಲ್ಲನ್ನು ಬೆನ್ನಿಗೆ ಕಟ್ಟಿಕೊಂಡು ಓಡಿದಂತೆ. ಅವನು ಕಾಲಿನ ನೋವನ್ನು ನಿಮ್ಮಿಂದ ಮುಚ್ಚಿಡುತ್ತಿರುವುದೂ, ಗುಳಿಗೆ ನುಂಗುತ್ತಿರುವುದೂ ಆ ಮಾತಿನ ಭಯದಿಂದಲೇ ಇರಬಹುದಲ್ಲವೆ? ಹಾಗೆ ಹೊರಟ ಮಗ ಹಗ್ಗದ ಈಚೆಗೆ ಉಳಿದರೆ ಆ ರಾತ್ರಿ ಎಲ್ಲಿಗೆ ಹೋಗಬೇಕು ಎಂಬುದನ್ನು ಒಮ್ಮೆ ಯೋಚಿಸಿರಿ.

ಇನ್ನೊಂದನ್ನೂ ಯೋಚಿಸಿರಿ. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಂತೆ ಆಯ್ಕೆಯಾದ ಅಗ್ನಿವೀರರ ಸೇವಾವಧಿ ನಾಲ್ಕು ವರ್ಷ. ಅವಧಿ ಮುಗಿದವರಲ್ಲಿ ಶೇಕಡಾ 25ರವರೆಗೆ ಮಾತ್ರ ಸೇವೆಯಲ್ಲಿ ಮುಂದುವರಿಯುತ್ತಾರೆಂದು ಯೋಜನೆ ಹೇಳುತ್ತದೆ. ಎಂದರೆ ಗೆದ್ದು ಹೋದ ಮಕ್ಕಳಲ್ಲಿಯೂ ಹೆಚ್ಚಿನವರು ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸಿನಲ್ಲಿ ಒಂದಿಷ್ಟು ಹಣ, ಗಟ್ಟಿಯಾದ ಮೈ, ಶಿಸ್ತಿನ ಮನಸ್ಸುಗಳೊಡನೆ ಮನೆಗೆ ಮರಳುವವರೇ. ಆಯ್ಕೆಯಾಗದವನು ಇಂದು ಮರಳುತ್ತಾನೆ, ಆಯ್ಕೆಯಾದವನು ನಾಲ್ಕು ವರ್ಷಗಳ ಮೇಲೆ ಮರಳಬಹುದು. ಇಬ್ಬರಿಗೂ ಬೇಕಾದುದು ತೆರೆದ ಬಾಗಿಲು, ಮತ್ತು ಮುಂದಿನ ಕಾಯಕಕ್ಕೆ ಕೈಹಿಡಿದು ನಡೆಸುವ ತಂದೆ. ಆದಕಾರಣ ಪದವಿಯ ಓದನ್ನೋ ಒಂದು ಕಸುಬನ್ನೋ ಅವನು ಓಟದ ಜೊತೆಜೊತೆಗೇ ಮುಂದುವರಿಸಲಿ. ಒಂದೇ ಬಾಗಿಲಿನ ಮುಂದೆ ಇಡೀ ಯೌವನವನ್ನು ನಿಲ್ಲಿಸುವುದು ಬೇಡ.

ತಾಯಿ, ಭರ್ತಿಯ ಹಿಂದಿನ ಹತ್ತು ದಿನ ಮಗನ ಅಭ್ಯಾಸ ಅರ್ಧಕ್ಕೆ ಇಳಿಯಲಿ. ಬಸ್‌ನಿಲ್ದಾಣದ ಕಲ್ಲಿನ ಮೇಲೆ ರಾತ್ರಿ ಕಳೆಯದಂತೆ ಒಂದು ದಿನ ಮೊದಲೇ ಹೋಗಿ, ಪರಿಚಯದವರ ಮನೆಯಲ್ಲಿ ಮಲಗಿ ನಿದ್ರಿಸಲಿ. ಪ್ರಮಾಣಪತ್ರಗಳನ್ನು ಎರಡು ಬಾರಿ ಎಣಿಸಿ ಚೀಲದಲ್ಲಿಡಿರಿ. ಓಟಕ್ಕೆ ಎರಡು-ಮೂರು ತಾಸು ಮೊದಲು ಬಾಳೆಹಣ್ಣು, ತುಸು ಬೆಲ್ಲ, ನೀರು ಸಾಕು. ಹೊಸ ತಿನಿಸು ಬೇಡ. ಹೊರಡುವಾಗ ತಂದೆಯವರೇ ಅವನ ಬೆನ್ನು ತಟ್ಟಿ, “ಓಡಿ ಬಾ, ಏನಾದರೂ ಆಗಲಿ, ಸಂಜೀಕ ಮನಿಗೆ ಬಾ” ಎಂದು ಹೇಳಲಿ.

ಆದರೆ ಅದಕ್ಕೆಲ್ಲ ಮೊದಲು, ನಾಳೆ ಬೆಳಗ್ಗೆ, ಅವನ ಕಾಲನ್ನು ವೈದ್ಯರಿಗೆ ತೋರಿಸಿರಿ. ನಾನು ಅಂದು ಮಾಡದೆ ಬಿಟ್ಟ ಕೆಲಸವದು. ವೈದ್ಯರು ಏನು ಹೇಳಿದರೆಂದು ನನಗೊಂದು ಪತ್ರ ಬರೆಯಿರಿ. ಹೊಲದಲ್ಲಿ ಇನ್ನೊಬ್ಬನೂ ಅದಕ್ಕಾಗಿ ಕಾಯುತ್ತಿದ್ದಾನೆ.